ಹೈಸೆನ್‌ಬರ್ಗ್‌ಗೆ ಚಳ್ಳೆಹಣ್ಣು ತಿನ್ನಿಸಬಹುದೇ?

*ಹೆಣೆದುಕೊಂಡ ಎರಡು ಕಣಗಳಲ್ಲಿ ಒಂದರ ಸ್ಥಾನ, ಇನ್ನೊಂದರ ಸಂವೇಗ ಅಳೆದರೆ ಮೊದಲನೆಯದರ ಎರಡೂ ಗೊತ್ತಾದಂತಲ್ಲವೇ? ಹಾಗಾದರೆ ಅನಿಶ್ಚಿತತಾ ತತ್ವದ ಗತಿ ಏನು?*
– ಬಿ.ಎಸ್ಸಿ. ವಿದ್ಯಾರ್ಥಿನಿ, ತೀರ್ಥಹಳ್ಳಿ

ಸಂಪಾದಕರ ಉತ್ತರ: 1935ರಲ್ಲಿ ಐನ್‌ಸ್ಟೈನ್, ಪೊಡೊಲ್‌ಸ್ಕಿ, ರೋಸೆನ್ ಇಂಥದ್ದೇ ಹೆಣೆದ (ಎಂಟ್ಯಾಂಗಲ್ಡ್, ಅಂದರೆ ಒಂದನ್ನು ಅಳೆದರೆ ಇನ್ನೊಂದರ ಉತ್ತರವೂ ತಿಳಿಯುವಂತೆ ಬೆಸೆದ) ಜೋಡಿಯನ್ನು ಮುಂದಿಟ್ಟು ಕ್ವಾಂಟಂ ಸಿದ್ಧಾಂತ ಅಪೂರ್ಣ ಎಂದು ವಾದಿಸಿದ್ದರು. ನಿಮಗೆ ಒಳ್ಳೆಯ ಜೊತೆಯೇ ಸಿಕ್ಕಿದೆ. ಹೈಸೆನ್‌ಬರ್ಗ್‌ರ ಅನಿಶ್ಚಿತತಾ ತತ್ವ ಹೇಳುವುದಿಷ್ಟು: ಒಂದೇ ಕಣದ ಸ್ಥಾನ, ಸಂವೇಗ ಎರಡೂ ಏಕಕಾಲಕ್ಕೆ ನಿಖರವಾಗಿರಲಾರವು. ಆದರೆ ಎರಡು ಕಣಗಳ ಸ್ಥಾನಗಳ ವ್ಯತ್ಯಾಸ ಮತ್ತು ಸಂವೇಗಗಳ ಮೊತ್ತ ಇರಬಲ್ಲವು. ಅಲ್ಲಿ ತತ್ವದ ಅಡ್ಡಿಯೇ ಇಲ್ಲ. ಆದ್ದರಿಂದ ಈ ಕಣವನ್ನು ಅಳೆದು ಆ ಕಣದ ಸ್ಥಾನ ಹೇಳಬಹುದು, ಇಲ್ಲವೇ ಸಂವೇಗ ಹೇಳಬಹುದು. 2004ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಫೋಟಾನ್ ಜೋಡಿಗಳ ಮೇಲೆ ಇದನ್ನು ಮಾಡಿ ತೋರಿಸಿದರು. ಒಂಟಿ ಫೋಟಾನಿಗಾದರೆ ಎರಡು ದೋಷಗಳ ವರ್ಗಗಳ ಗುಣಲಬ್ಧ ಎಚ್-ಬಾರ್ (ಪ್ಲಾಂಕ್ ಸ್ಥಿರಾಂಕವನ್ನು 2π ಯಿಂದ ಭಾಗಿಸಿದ್ದು) ವರ್ಗದ 0.25ಕ್ಕಿಂತ ಇಳಿಯುವುದಿಲ್ಲ, ಅವರಿಗೆ ಸಿಕ್ಕಿದ್ದು ಸುಮಾರು 0.01. ಮಿತಿ ಮುರಿಯಿತು ಎಂದು ಸುದ್ದಿಯಾಗುವುದು ಇಂಥ ಕಡೆಯೇ. ಆದರೆ ಅಲ್ಲಿ ಪ್ರತಿ ಜೋಡಿಯಲ್ಲಿ ಅಳೆದದ್ದು ಎರಡರಲ್ಲಿ ಒಂದನ್ನು ಮಾತ್ರ.

ಎರಡನ್ನೂ ಅಳೆದರೆ? ಧ್ರುವೀಕರಣದಲ್ಲಿ (ಬೆಳಕು ಕಂಪಿಸುವ ದಿಕ್ಕಿನಲ್ಲಿ) ಇದನ್ನು ಪರೀಕ್ಷಿಸುವುದು ಸುಲಭ. ಅಲ್ಲಿ 0–90 ಮತ್ತು ±45 ಡಿಗ್ರಿಯ ಅಳತೆಗಳು ಸ್ಥಾನ–ಸಂವೇಗಗಳ ಹಾಗೆ: ಒಂದು ನಿಖರವಾದರೆ ಇನ್ನೊಂದು ಅನಿಶ್ಚಿತ. 405 ನ್ಯಾನೊಮೀಟರ್ ಲೇಸರ್ ಕಿರಣದ ಧ್ರುವೀಕರಣವನ್ನು 45 ಡಿಗ್ರಿಗೆ ತಿರುಗಿಸಿ, ಅದನ್ನು, ಒಂದಕ್ಕೊಂದು ಅಡ್ಡಲಾಗಿ ಜೋಡಿಸಿದ ಎರಡು ತೆಳು ಬೇರಿಯಂ ಬೋರೇಟ್ ಹರಳುಗಳಿಗೆ ಬಿಡಿ. 810 ನ್ಯಾನೊಮೀಟರಿನ ಹೆಣೆದ ಫೋಟಾನ್ ಜೋಡಿಗಳು ಹೊರಡುತ್ತವೆ. ಎಡಕ್ಕೆ +45 ಡಿಗ್ರಿ, ಬಲಕ್ಕೆ −45 ಡಿಗ್ರಿ ಪೋಲರೈಸರ್ (ಒಂದೇ ದಿಕ್ಕಿನ ಕಂಪನವನ್ನು ಬಿಡುವ ಫಿಲ್ಟರ್) ಇಟ್ಟರೆ ಎರಡೂ ಡಿಟೆಕ್ಟರ್ ಒಟ್ಟಿಗೆ ಎಣಿಸುವುದು ಸೊನ್ನೆಯ ಹತ್ತಿರ. ಬಲಗಡೆಯದನ್ನೂ +45ಕ್ಕೆ ತಂದರೆ ಸೆಕೆಂಡಿಗೆ 400 ಎಂದಿಟ್ಟುಕೊಳ್ಳಿ. ಬಲಗಡೆಯದನ್ನು ಮತ್ತೆ −45ಕ್ಕೆ ತಿರುಗಿಸಿ, ಫೋಟಾನ್ ಅದಕ್ಕೆ ಮುಟ್ಟುವ ಮೊದಲೇ ಹಾಯುವಂತೆ 0 ಡಿಗ್ರಿಯ ಇನ್ನೊಂದು ಪೋಲರೈಸರ್ ಸೇರಿಸಿ. ನಿಮ್ಮ ಲೆಕ್ಕದಂತೆ ಬಲಗಡೆಯ ಫೋಟಾನ್ 0 ಡಿಗ್ರಿಯದೂ ಹೌದು, ಎಡಗಡೆಯ ಸಾಕ್ಷ್ಯದಿಂದ +45ರದೂ ಹೌದು. ಹಾಗಾಗಿ −45ರಲ್ಲಿ ಒಂದೂ ದಾಟಬಾರದು. ಆದರೆ ಸುಮಾರು 100 ದಾಟುತ್ತವೆ! ಅಡ್ಡ ಒಂದು ಪೋಲರೈಸರ್ ಹೆಚ್ಚಾಯಿತು, ಎಣಿಕೆಯೂ ಹೆಚ್ಚಾಯಿತು. ಎಡಗಡೆಯಿಂದ ತಿಳಿದ ಉತ್ತರವನ್ನು 0 ಡಿಗ್ರಿಯ ಅಳತೆ ಅಳಿಸಿಹಾಕಿದೆ. ಕಾಗದದ ಮೇಲೆ ಎರಡೂ ಸಂಖ್ಯೆ ಬರೆದುಕೊಳ್ಳಬಹುದು, ಮುಂದೇನಾಗುತ್ತದೆ ಎಂದು ಹೇಳಲು ಅವು ಒಟ್ಟಿಗೆ ಕೆಲಸಕ್ಕೆ ಬರುವುದಿಲ್ಲ.

ಮೋಸಹೋಗುವ ಜಾಗಗಳಿವೆ. 0–90ರಲ್ಲಿ ಹೊಂದಿಕೆ ಚೆನ್ನಾಗಿದ್ದು 45ರಲ್ಲಿ ಕೆಟ್ಟಿದ್ದರೆ ಫೇಸ್ (ಅಲೆಗಳ ಏರಿಳಿತದ ಹೊಂದಾಣಿಕೆ) ತಪ್ಪಿದೆ. ಕಿರಣದ ದಾರಿಯಲ್ಲಿಟ್ಟ ಕ್ವಾರ್ಟ್ಜ್ ಫಲಕವನ್ನು ಸ್ವಲ್ಪ ಸ್ವಲ್ಪವೇ ಓರೆ ಮಾಡಿ ಸರಿಪಡಿಸಬೇಕು. ಪ್ರತಿ ಡಿಟೆಕ್ಟರಿಗೆ ಸೆಕೆಂಡಿಗೆ 20,000ದಂತೆ ಎಣಿಕೆ, 10 ನ್ಯಾನೊಸೆಕೆಂಡಿನ ಕಿಟಕಿ (ಒಟ್ಟಿಗೆ ಬಂದವು ಎಂದು ಪರಿಗಣಿಸುವ ಅವಧಿ) ಇದ್ದರೆ ಕಾಕತಾಳೀಯ ಜೋಡಿಗಳೇ ಸೆಕೆಂಡಿಗೆ 4, ಕಳೆದು ಬರೆಯಿರಿ. ಇನ್ನು ಬೇರಿಯಂ ಬೋರೇಟ್ ತೇವ ಎಳೆಯುತ್ತದೆ. ನಮ್ಮ ಮಲೆನಾಡಿನ ಆಷಾಢದಲ್ಲಿ ಹೊರಗೆ ಬಿಟ್ಟರೆ ಮೈ ಮಂಜಾಗುತ್ತದೆ; ಸಿಲಿಕಾ ಜೆಲ್ ಡಬ್ಬಿಯಲ್ಲೇ ಇಡಿ.

ಹೆಣೆದ ಕಣಗಳು ನಿಜವಾಗಿ ದಾಟಿಸುವ ಮಿತಿ ಬೇರೆ. ಇಂಟರ್‌ಫೆರೋಮೀಟರಿನಲ್ಲಿ (ಬೆಳಕನ್ನು ಎರಡು ದಾರಿಗೆ ಒಡೆದು ಮತ್ತೆ ಸೇರಿಸುವ ಸಾಧನ) 100 ಬಿಡಿ ಫೋಟಾನ್‌ಗಳಿಂದ ಫೇಸ್ ಅಳೆದರೆ ದೋಷ 10ನೇ ಒಂದು ರೇಡಿಯನ್. ನೂರನ್ನೂ ಸರಿಯಾಗಿ ಹೆಣೆದರೆ 100ನೇ ಒಂದಕ್ಕೆ ಇಳಿಸಬಹುದು. ಆದರೆ ಹಾಗೆ ಹೆಣೆಯುವ ಸರಳ ಬಗೆಯಲ್ಲಿ ದಾರಿಯಲ್ಲಿ ಒಂದೇ ಫೋಟಾನ್ ಕಳೆದುಹೋದರೂ ಆ ಸಲದ ಮಾಹಿತಿಯೆಲ್ಲ ಹೋದಂತೆ.