ನಾಟಕಕ್ಕೆ ಹಳೆಯ ರಾಜರೇ ಯಾಕೆ ಬೇಕು?

ಪ್ರಿಯ ಓದುಗರೇ, ನಮಸ್ಕಾರ.

‘ತುಘಲಕ್’ ನೋಡಿ ಬಂದು ನೀವು ಬರೆದ ಪತ್ರ ತಲುಪಿತು. ‘ಜಾತಿ, ಜಮೀನು, ಹೆಣ್ಣಿನ ಪಾಡು ಎಲ್ಲವೂ ಕಣ್ಣೆದುರಿಗೇ ಇದೆ. ಆದರೂ ನಮ್ಮ ನಾಟಕಕಾರರು ಸುಲ್ತಾನರ, ಜಾನಪದದ ಹಿಂದೆ ಅಡಗುವುದೇಕೆ? ನೇರವಾಗಿ ಹೇಳಲು ಭಯವೇ?’ ಎಂದು ಕೇಳಿದ್ದೀರಿ.

ಭಯ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಗಿರೀಶ ಕಾರ್ನಾಡರ ‘ತುಘಲಕ್’ 1964ರಲ್ಲಿ ಬಂದಾಗ ಸ್ವಾತಂತ್ರ್ಯ ಸಿಕ್ಕಿ 17 ವರ್ಷವಾಗಿತ್ತು. ದೊಡ್ಡ ಕನಸು ಕಂಡು ಸುಸ್ತಾಗಿದ್ದ ಜನಕ್ಕೆ ದೆಹಲಿಯ ಆ ಹಳೆಯ ಸುಲ್ತಾನ ತುಘಲಕ್ ದೂರದವನು ಅನ್ನಿಸಲಿಲ್ಲ. ಮೊದಲ ದೃಶ್ಯವನ್ನೇ ನೆನಪಿಸಿಕೊಳ್ಳಿ. ಸುಲ್ತಾನನ ಮೇಲೇ ದಾವೆ ಹೂಡಿ ಒಬ್ಬ ಬ್ರಾಹ್ಮಣ ಗೆಲ್ಲುತ್ತಾನೆ. ಎಂಥ ನ್ಯಾಯ ಅನ್ನಿಸುತ್ತದೆ, ಅಲ್ವಾ? ಆದರೆ ಅವನು ವೇಷ ಹಾಕಿದ ಅಗಸ ಅಜೀಜ್. ಒಳ್ಳೆಯ ಕಾಯಿದೆ ಬಂದ ಕೂಡಲೇ ಅದರಲ್ಲಿ ದುಡ್ಡು ಮಾಡುವ ದಾರಿ ಕಂಡುಕೊಂಡವನು. ಕೊನೆಯಲ್ಲಿ ಎಲ್ಲ ಗೊತ್ತಾದ ಮೇಲೂ ಸುಲ್ತಾನ ಅವನಿಗೆ ಹುದ್ದೆ ಕೊಟ್ಟು ಕಳಿಸುತ್ತಾನೆ! ಇದನ್ನು ಆ ಕಾಲದ ಒಬ್ಬ ಮಂತ್ರಿಯ ಹೆಸರಿಟ್ಟು ಬರೆದಿದ್ದರೆ, ಮಂತ್ರಿಯ ಜೊತೆ ನಾಟಕವನ್ನೂ ಜನ ಮರೆಯುತ್ತಿದ್ದರು.

ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ 1972ರದು. ಮಕ್ಕಳಿಲ್ಲದ ಗೌಡತಿ, ಸಂತಾನ ಕೊಡುವನೆಂದು ಹಳ್ಳಿಯ ಜನ ನಂಬುವ ಜಾನಪದ ದೇವರು ಜೋಕುಮಾರನ ಮೊರೆ ಹೋಗುತ್ತಾಳೆ. ಹಾಡು, ಕುಣಿತ, ನಗು ಎಲ್ಲ ಇದೆ. ನಗುತ್ತಾ ನಗುತ್ತಾ ಒಂದು ಪ್ರಶ್ನೆ ಬಂದು ಎದೆಗೆ ಹಾಯುತ್ತದೆ: ಹೊಲ ಗೌಡನದೋ, ಉಳುವ ಬಸಣ್ಣನದೋ? ಗೌಡತಿ ಬಸಣ್ಣನಿಂದ ಬಸಿರಾಗುವ ಮಾತೂ ಹೊಲದ ಮಾತೂ ಒಂದೇ ಆಗಿಬಿಡುತ್ತವೆ. ಗೇಣಿದಾರರಿಗೆ ಭೂಮಿ ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಯಾದದ್ದು 1974ರಲ್ಲಿ. ನಾಟಕ ಅದಕ್ಕೂ ಮುಂಚಿನದು. ಜೋಕುಮಾರನ ಹಬ್ಬದ ಕಥೆ ಊರಿನವರದೇ ಆದ್ದರಿಂದ, ಯಾರೋ ಬಂದು ಬುದ್ಧಿ ಹೇಳಿದಂತೆ ಕೇಳಿಸುವುದಿಲ್ಲ.

ನೇರವಾಗಿ ಹೇಳಿದವರೂ ಇದ್ದಾರೆ. ಗಂಡ ಬಿಟ್ಟ ಹೆಂಗಸರನ್ನು ಮನೆಗೆ ತಂದಿಟ್ಟುಕೊಳ್ಳುವವನ ಕಥೆಯನ್ನು ಮರಾಠಿ ನಾಟಕಕಾರ ವಿಜಯ್ ತೆಂಡೂಲ್ಕರ್ ‘ಸಖಾರಾಮ್ ಬೈಂಡರ್’ನಲ್ಲಿ ಮುಚ್ಚುಮರೆ ಇಲ್ಲದೆ ಬರೆದರು. ಸೆನ್ಸಾರ್ ತಡೆಯಿತು. ನಾಟಕದವರು ಕೋರ್ಟಿಗೆ ಹೋಗಿ ಗೆದ್ದರು. ದೆಹಲಿಯ ಬೀದಿ ನಾಟಕಕಾರ ಸಫ್ದರ್ ಹಾಶ್ಮಿಯವರಂತೂ ಜೀವವನ್ನೇ ಕೊಟ್ಟರು. 1989ರ ಜನವರಿ 1ರಂದು ದೆಹಲಿ ಪಕ್ಕದ ಸಾಹಿಬಾಬಾದ್‌ನಲ್ಲಿ ಬೀದಿ ನಾಟಕ ಆಡುವಾಗ ಹಲ್ಲೆಯಾಯಿತು, ಮರುದಿನ ತೀರಿಕೊಂಡರು. 4ರಂದು ಅವರ ಹೆಂಡತಿ ತಂಡದ ಜೊತೆ ಅದೇ ಜಾಗಕ್ಕೆ ಹೋಗಿ ಆ ನಾಟಕವನ್ನು ಆಡಿ ಮುಗಿಸಿದರು. ಇದನ್ನು ಬರೆಯುವಾಗ ಈಗಲೂ ಕೈ ಸ್ವಲ್ಪ ತಡೆಯುತ್ತದೆ.

ನಿಮ್ಮ ಒಂದು ಮಾತು ಮಾತ್ರ ನಿಜ. ಕೆಲವು ಪ್ರಯೋಗಗಳಲ್ಲಿ ಕಿರೀಟ, ಜರಿ, ಬಣ್ಣದ ಬೆಳಕೇ ಜಾಸ್ತಿಯಾಗಿ ಅಜೀಜನ ಮಾತು ಕಿವಿಗೇ ಬೀಳುವುದಿಲ್ಲ. ನೀವು ನೋಡಿದ್ದು ಅಂಥದ್ದಾದರೆ ದಯವಿಟ್ಟು ಒಮ್ಮೆ ಪುಸ್ತಕ ಓದಿ. ಅಜೀಜನ ದೃಶ್ಯಗಳನ್ನಷ್ಟೇ ಓದಿದರೂ ಸಾಕು. ಆಮೇಲೆ ಏನನ್ನಿಸಿತು ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ