ಅಪ್‌ಡೇಟ್ ನಿಲ್ಲಿಸುವ ಮೊದಲು ಡಿಸ್ಕ್ ಪರೀಕ್ಷಿಸಿ

ಅಪ್‌ಡೇಟ್ ಆದಂದಿನಿಂದ ಲ್ಯಾಪ್‌ಟಾಪ್ ತೆವಳುತ್ತಿದೆ, ಹಳೆಯ ಆವೃತ್ತಿಗೆ ಮರಳಿ ಇನ್ನು ಮುಂದೆ ಯಾವ ಅಪ್‌ಡೇಟೂ ಬಾರದಂತೆ ಶಾಶ್ವತವಾಗಿ ತಡೆಯುವುದು ಹೇಗೆ ಎಂದು ಕೇಳಿದ್ದೀರಿ. ನೀವು ಮಾಡಬೇಕೆಂದಿರುವ ಎರಡನ್ನೂ ನಾನು ಮಾಡಿ ಮುಗಿಸಿದವನು. ಅದರಿಂದ ಒಂದು ಇಡೀ ಪುಸ್ತಕದ ಕೆಲಸ ನನ್ನ ಕೈತಪ್ಪಿ ಹೋಯಿತು.

ನಾನು ಕರಡು ತಿದ್ದುವ ಮತ್ತು ಪುಟ ವಿನ್ಯಾಸ ಮಾಡುವ ಕೆಲಸದಲ್ಲಿದ್ದೇನೆ. ಆಗ ನನ್ನಲ್ಲಿದ್ದುದು ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಇದ್ದ, ವಿಂಡೋಸ್ 10ರಲ್ಲಿ ನಡೆಯುತ್ತಿದ್ದ ಲ್ಯಾಪ್‌ಟಾಪ್. ಒಂದು ದೊಡ್ಡ ಫೀಚರ್ ಅಪ್‌ಡೇಟ್ ಬಂದು, ತಾನೇ ಹಲವು ಬಾರಿ ರೀಸ್ಟಾರ್ಟ್ ಆಗಿ ಮುಗಿದ ಮರುದಿನದಿಂದ ಅದರ ಸ್ವಭಾವವೇ ಬದಲಾಯಿತು. ಕೀಲಿ ಒತ್ತಿದ ಅಕ್ಷರಗಳು ಪರದೆಯ ಮೇಲೆ ಕಾಣಿಸದೆ ಉಳಿದು, ಆಮೇಲೆ ಒಂದು ಸಾಲಿನಷ್ಟು ಒಟ್ಟಿಗೆ ಸುರಿಯುತ್ತಿದ್ದವು. ಕಡತ ಉಳಿಸಲು ಹೋದರೆ ಕಿಟಕಿ ಮಸುಕಾಗಿ, ಮೇಲ್ಪಟ್ಟಿಯಲ್ಲಿ ‘ನಾಟ್ ರೆಸ್ಪಾಂಡಿಂಗ್’ ಎಂದು ಬರುತ್ತಿತ್ತು. ಯಂತ್ರದ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ ಹೆಚ್ಚುಕಡಿಮೆ ಸುಮ್ಮನಿದ್ದು, ಡಿಸ್ಕ್ ಎಂಬ ಕಂಬಸಾಲಿನಲ್ಲಿ ಮಾತ್ರ 100% ಎಂದು ಕೆಂಪಾಗಿ ನಿಂತಿರುತ್ತಿತ್ತು. ದುರಸ್ತಿ ಮಾಡುವವರೊಬ್ಬರನ್ನು ಕೇಳಿದಾಗ, ಹೊಸ ಅಪ್‌ಡೇಟ್ ಎಲ್ಲರಿಗೂ ಹೀಗೆಯೇ ಮಾಡುತ್ತಿದೆ, ಹಳೆಯದಕ್ಕೆ ಹೋಗಿಬಿಡಿ ಎಂದರು. ನನ್ನ ಮನಸ್ಸಿನಲ್ಲಿದ್ದುದೂ ಅದೇ ಆಗಿದ್ದರಿಂದ ಬೇರೆ ಯೋಚನೆ ಮಾಡಲಿಲ್ಲ.

ದೊಡ್ಡ ಅಪ್‌ಡೇಟ್ ಆದ ಮೇಲೆ ಹಿಂದಿನ ಆವೃತ್ತಿಗೆ ಮರಳಲು ಸಾಮಾನ್ಯವಾಗಿ 10 ದಿನಗಳ ಅವಕಾಶವಿರುತ್ತದೆ. ಸೆಟ್ಟಿಂಗ್ಸ್‌ನ ರಿಕವರಿ ವಿಭಾಗದಲ್ಲಿ ಅದರ ಗುಂಡಿ ಇರುತ್ತದೆ. ಅದನ್ನು ಒತ್ತಿ ಮರಳಿದೆ. ಲ್ಯಾಪ್‌ಟಾಪ್ ನಿಜವಾಗಿಯೂ ಚುರುಕಾಯಿತು. ಅಪ್‌ಡೇಟಿಗೆ ಮೊದಲು ಹೇಗಿತ್ತೋ ಹಾಗೆಯೇ ಆಯಿತು. ತಪ್ಪಿತಸ್ಥ ಯಾರೆಂಬುದು ಇಷ್ಟರಿಂದಲೇ ಸಾಬೀತಾಯಿತು ಎಂದುಕೊಂಡು ಅಪ್‌ಡೇಟಿನ ಸರ್ವಿಸನ್ನು ಡಿಸೇಬಲ್ ಮಾಡಿದೆ. ನನ್ನಂತೆ ತೊಂದರೆಯಲ್ಲಿದ್ದ ಪರಿಚಯದವರಿಗೂ ಅದನ್ನೇ ಮಾಡಿ ಎಂದು ಹೇಳಿಕೊಟ್ಟೆ.

ಕೆಲವು ತಿಂಗಳ ನಂತರ ಮೂರನೆಯ ಕರಡಿನ ತಿದ್ದುಪಡಿಗಳನ್ನೆಲ್ಲ ಸೇರಿಸಿ ಮುಗಿಸಿದ್ದ ಪುಸ್ತಕದ ಕಡತವೊಂದು ತೆರೆಯಲಿಲ್ಲ. ಪೆನ್‌ಡ್ರೈವಿಗೆ ನಕಲು ಮಾಡಲು ಹೋದರೆ ಹಸಿರು ಪಟ್ಟಿ ಅರ್ಧಕ್ಕೆ ಬಂದು ನಿಂತು, ವೇಗ ಸೊನ್ನೆಗಿಳಿದು, ಕೊನೆಗೆ ಓದಲಾಗುತ್ತಿಲ್ಲ ಎಂಬ ಸಂದೇಶ ಬಂತು. ಅದೇ ಕಡತಕೋಶದಲ್ಲಿದ್ದ ಹಳೆಯ ಪುಸ್ತಕಗಳ ಕಡತಗಳು ಸರಾಗವಾಗಿ ತೆರೆಯುತ್ತಿದ್ದವು. ಹಿಂದಿನ ಕೆಲವು ತಿಂಗಳಲ್ಲಿ ಉಳಿಸಿದವುಗಳಲ್ಲಿ ಹಲವು ತೆರೆಯಲಿಲ್ಲ. ಆ ವಾರ ಮುಗಿಯುವುದರೊಳಗೆ ಡಿಸ್ಕ್ ಕಟಕಟ ಸದ್ದು ಮಾಡತೊಡಗಿತು, ಆಮೇಲೆ ಕಂಪ್ಯೂಟರಿಗೆ ಕಾಣಿಸುವುದನ್ನೇ ನಿಲ್ಲಿಸಿತು. ಲೇಖಕರು ಕೈಬರಹದಲ್ಲಿ ತಿದ್ದಿದ್ದ ಹಾಳೆಗಳು ಅವರಲ್ಲಿದ್ದವು. ಅವನ್ನು ಮತ್ತೆ ತರಿಸಿಕೊಂಡು ಮೊದಲ ಪುಟದಿಂದ ಕುಳಿತೆ. ಮುದ್ರಣದ ದಿನ ತಪ್ಪಿತು. ಆ ಪ್ರಕಾಶಕರು ಮತ್ತೆ ನನಗೆ ಕೆಲಸ ಕೊಡಲಿಲ್ಲ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿಯೂ ಅದೇ ತರ್ಕ ಕಾಣುತ್ತಿದೆ. ಬ್ಯಾಕಪ್ ಇಟ್ಟುಕೊಳ್ಳಲಿಲ್ಲ ಎಂಬುದು ದೊಡ್ಡ ಲೋಪವೇ ಸರಿ, ಆದರೆ ಮೂಲದ ತಪ್ಪು ಅದಲ್ಲ. ಹಳೆಯ ಆವೃತ್ತಿಗೆ ಮರಳಿದಾಗ ವೇಗ ಮರಳಿತು, ಆದ್ದರಿಂದ ನಿಧಾನಕ್ಕೆ ಅಪ್‌ಡೇಟೇ ಕಾರಣ ಎಂದು ತೀರ್ಮಾನಿಸಿದೆನಲ್ಲ, ಆ ತೀರ್ಮಾನವೇ ತಪ್ಪು. ಫೀಚರ್ ಅಪ್‌ಡೇಟ್ ಎಂದರೆ ಹಳೆಯ ಕಡತಗಳನ್ನು ಅಲ್ಲಲ್ಲೇ ತಿದ್ದುವುದಲ್ಲ. ಹೊಸ ಆವೃತ್ತಿಯ ಕಡತಗಳನ್ನೆಲ್ಲ ಡಿಸ್ಕಿನಲ್ಲಿ ಅದುವರೆಗೆ ಖಾಲಿ ಬಿದ್ದಿದ್ದ ಜಾಗದಲ್ಲಿ ಹೊಸದಾಗಿ ಬರೆಯಲಾಗುತ್ತದೆ. ಹಳೆಯ ವಿಂಡೋಸ್ ಹೆಸರು ಬದಲಿಸಿಕೊಂಡು ‘ವಿಂಡೋಸ್.ಓಲ್ಡ್’ ಎಂಬ ಕಡತಕೋಶವಾಗಿ, ಡಿಸ್ಕಿನ ಮೇಲೆ ತಾನಿದ್ದ ಜಾಗದಲ್ಲಿಯೇ ಉಳಿಯುತ್ತದೆ. ಮರಳುವ ಗುಂಡಿ ಒತ್ತಿದಾಗ ಆ ಹಳೆಯ ಕಡತಗಳೇ ಮತ್ತೆ ಬಳಕೆಗೆ ಬರುತ್ತವೆ.

ನನ್ನ ಡಿಸ್ಕಿನಲ್ಲಿ ಸವೆದಿದ್ದುದು ಆ ಖಾಲಿ ಜಾಗದ ಭಾಗ. ಹೊಸ ವಿಂಡೋಸಿನ ಕಡತಗಳು ಅಲ್ಲಿ ಹೋಗಿ ಕುಳಿತಿದ್ದವು. ಸವೆದ ಸೆಕ್ಟರನ್ನು, ಅಂದರೆ ತಟ್ಟೆಯ ಮೇಲೆ ದತ್ತಾಂಶ ಇಡುವ ಒಂದು ಪುಟ್ಟ ಭಾಗವನ್ನು, ಓದಲು ಹಾರ್ಡ್ ಡಿಸ್ಕ್ ಒಮ್ಮೆ ಪ್ರಯತ್ನಿಸಿ ಕೈಬಿಡುವುದಿಲ್ಲ; ಮತ್ತೆ ಮತ್ತೆ ತಟ್ಟೆ ಸುತ್ತಿಸಿ ಓದಲು ನೋಡುತ್ತದೆ. ಒಂದೊಂದು ಸೆಕ್ಟರಿಗೆ ಹೀಗೆ ಕೆಲವು ಸೆಕೆಂಡುಗಳು ಹಿಡಿಯಬಹುದು, ಅಷ್ಟು ಹೊತ್ತು ಉಳಿದ ಕೆಲಸಗಳೆಲ್ಲ ಸರದಿಯಲ್ಲಿ ಕಾಯಬೇಕು. ನನಗೆ ಅಪ್‌ಡೇಟಿನ ಭಾರವಾಗಿ ಕಂಡದ್ದು ಈ ಕಾಯುವಿಕೆ. ಹಳೆಯದಕ್ಕೆ ಮರಳಿದಾಗ ಸಿಸ್ಟಮ್ ಕಡತಗಳು ಗಟ್ಟಿಯಾಗಿದ್ದ ಹಳೆಯ ಜಾಗದಿಂದ ಓದಲ್ಪಟ್ಟವು, ಆದ್ದರಿಂದ ವೇಗ ಮರಳಿತು. ಸವೆದ ಭಾಗ ಮತ್ತೆ ಖಾಲಿಯಾಯಿತು. ಆಮೇಲೆ ನಾನು ಉಳಿಸಿದ ಹೊಸ ಕಡತಗಳು, ಆ ಪುಸ್ತಕವೂ ಸೇರಿ, ಅದೇ ಭಾಗಕ್ಕೆ ಹೋಗಿ ಬಿದ್ದವು. ಅಪ್‌ಡೇಟ್ ನನಗೆ ಎಚ್ಚರಿಕೆ ಕೊಟ್ಟಿತ್ತು. ನಾನು ಎಚ್ಚರಿಕೆಯ ಬಾಯಿ ಮುಚ್ಚಿಸಿ ಕಾಯಿಲೆ ವಾಸಿಯಾಯಿತೆಂದುಕೊಂಡೆ.

ಇದು ನಂತರ ಹೊಳೆದ ಊಹೆಯಷ್ಟೇ ಅಲ್ಲ. ಡಿಸ್ಕ್ ಪೂರ್ತಿ ನಿಲ್ಲುವ ಮೊದಲು ವಿಂಡೋಸ್ ಬರೆದಿಡುವ ಘಟನೆಗಳನ್ನೂ ದೋಷಗಳನ್ನೂ ತೋರಿಸುವ ಈವೆಂಟ್ ವ್ಯೂವರಿನ ಸಿಸ್ಟಮ್ ದಾಖಲೆಯನ್ನು ತೆರೆದು, ಮೂಲ ‘ಡಿಸ್ಕ್’ ಎಂದಿರುವ ನಮೂದುಗಳನ್ನು ಮಾತ್ರ ಬೇರ್ಪಡಿಸಿ ನೋಡಿದೆ. ಕೆಟ್ಟ ಬ್ಲಾಕ್ ಇದೆ ಎಂದು ಹೇಳುವ 7ನೇ ಸಂಖ್ಯೆಯ ನಮೂದು, ಓದುವ ಪ್ರಯತ್ನವನ್ನು ಮತ್ತೆ ಮಾಡಬೇಕಾಯಿತು ಎಂದು ಹೇಳುವ 153ನೇ ಸಂಖ್ಯೆಯ ನಮೂದು, ಇವೆರಡೂ ಅಲ್ಲಿದ್ದವು. ಅಪ್‌ಡೇಟ್ ಆದ ದಿನಗಳಲ್ಲಿ ಅವು ಸಾಲುಸಾಲಾಗಿದ್ದವು, ಮರಳಿದ ಮೇಲೆ ವಿರಳವಾಗಿದ್ದವು, ಕೊನೆಯ ವಾರಗಳಲ್ಲಿ ಮತ್ತೆ ದಟ್ಟವಾಗಿದ್ದವು. ಎಲ್ಲಕ್ಕಿಂತ ಹಳೆಯ ನಮೂದಿನ ದಿನಾಂಕ ಅಪ್‌ಡೇಟಿಗಿಂತ ಮುಂಚಿನದು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಅಪ್‌ಡೇಟ್ ನಿಮ್ಮ ಕಂಪ್ಯೂಟರನ್ನು ನಿಧಾನ ಮಾಡಿತು ಎಂಬುದು ಇನ್ನೂ ಗೊತ್ತಾಗಿಲ್ಲ. ಅಪ್‌ಡೇಟ್ ಆದ ಮೇಲೆ ಅದು ನಿಧಾನವಾಯಿತು ಎಂಬುದಷ್ಟೇ ಗೊತ್ತಾಗಿದೆ.

ಮೊದಲನೆಯದಾಗಿ, ಅಪ್‌ಡೇಟ್ ಆಗಿ ಎಷ್ಟು ಹೊತ್ತಾಗಿದೆ ಎಂದು ನೀವು ಬರೆದಿಲ್ಲ. ದೊಡ್ಡ ಅಪ್‌ಡೇಟ್ ಮುಗಿದ ಕೂಡಲೇ ಹಿನ್ನೆಲೆಯಲ್ಲಿ ಬಹಳಷ್ಟು ಕೆಲಸ ನಡೆಯುತ್ತದೆ. ಹುಡುಕಾಟದ ಸೂಚಿ ಹೊಸದಾಗಿ ಕಟ್ಟಲ್ಪಡುತ್ತದೆ, ವಿಂಡೋಸಿನ ವೈರಸ್ ತಡೆ ತಂತ್ರಾಂಶವಾದ ಡಿಫೆಂಡರ್ ಕಡತಗಳನ್ನು ಪರಿಶೀಲಿಸುತ್ತದೆ, ಹಲವು ತಂತ್ರಾಂಶಗಳು ನೆಚ್ಚಿಕೊಂಡಿರುವ ಡಾಟ್‌ನೆಟ್‌ನ ಭಾಗಗಳು ಆ ಯಂತ್ರಕ್ಕೆ ತಕ್ಕಂತೆ ಮತ್ತೆ ಕಂಪೈಲ್ ಆಗುತ್ತವೆ. ಮ್ಯಾಕ್‌ನಲ್ಲಿ ಸ್ಪಾಟ್‌ಲೈಟ್ ಸೂಚಿಯ ಕೆಲಸ ಹೀಗೆಯೇ ನಡೆಯುತ್ತದೆ. ಯಂತ್ರವನ್ನು ಚಾರ್ಜರಿಗೆ ಹಾಕಿ, ನಿದ್ರೆಗೆ ಜಾರದಂತೆ ಮಾಡಿ, ಒಂದು ರಾತ್ರಿ ಅದರ ಪಾಡಿಗೆ ಬಿಡಿ. ಬೆಳಿಗ್ಗೆ ಶಟ್‌ಡೌನ್ ಮಾಡದೆ ರೀಸ್ಟಾರ್ಟ್ ಮಾಡಿ. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಚಾಲ್ತಿಯಲ್ಲಿದ್ದರೆ ಶಟ್‌ಡೌನ್ ಎಂಬುದು ಪೂರ್ತಿ ಶಟ್‌ಡೌನ್ ಆಗಿರುವುದಿಲ್ಲ; ವಿಂಡೋಸಿನ ತಿರುಳಾದ ಕರ್ನಲ್‌ನ ಸ್ಥಿತಿ ಡಿಸ್ಕಿನಲ್ಲಿ ಉಳಿದು ಮತ್ತೆ ಅದೇ ಮೇಲೇಳುತ್ತದೆ. ಇಷ್ಟರಲ್ಲಿಯೇ ಸರಿಹೋಗುವ ಯಂತ್ರಗಳು ಬಹಳ.

ಸರಿಹೋಗದಿದ್ದರೆ ಡಿಸ್ಕಿನ ಕಡೆಗೆ ಬನ್ನಿ, ಬೇರೆಲ್ಲಿಗೂ ಹೋಗಬೇಡಿ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಡಿಸ್ಕನ್ನು ಆರಿಸಿದರೆ, ಅದು ಎಷ್ಟು ಶೇಕಡಾ ಕಾಲ ಕೆಲಸದಲ್ಲಿದೆ, ಸರಾಸರಿ ಪ್ರತಿಕ್ರಿಯೆಗೆ ಎಷ್ಟು ಮಿಲಿಸೆಕೆಂಡು ಹಿಡಿಯುತ್ತಿದೆ, ಓದುವ ಬರೆಯುವ ವೇಗ ಎಷ್ಟು ಎಂಬ ಅಂಕಿಗಳು ಕಾಣುತ್ತವೆ. ಇವನ್ನು ಒಟ್ಟಿಗೆ ಓದಬೇಕು. 100% ಕೆಲಸದಲ್ಲಿದ್ದು ಸೆಕೆಂಡಿಗೆ ಹತ್ತಾರು ಮೆಗಾಬೈಟ್ ಓದುತ್ತಿದ್ದರೆ ಅದು ದುಡಿಯುತ್ತಿರುವ ಡಿಸ್ಕ್. 100% ಕೆಲಸದಲ್ಲಿದ್ದು, ಒಂದು ಮೆಗಾಬೈಟನ್ನೂ ಓದದೆ, ಪ್ರತಿಕ್ರಿಯೆಯ ಕಾಲ ಸಾವಿರ ಮಿಲಿಸೆಕೆಂಡುಗಳನ್ನು ದಾಟುತ್ತಿದ್ದರೆ ಅದು ಒದ್ದಾಡುತ್ತಿರುವ ಡಿಸ್ಕ್. ನನ್ನ ಪರದೆಯ ಮೇಲೆ ಎರಡನೆಯ ಚಿತ್ರವೇ ಇತ್ತು, ಆದರೆ ನಾನು 100% ಎಂಬ ಒಂದು ಅಂಕಿಯನ್ನು ಮಾತ್ರ ನೋಡಿದ್ದೆ. ಜೊತೆಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶದಲ್ಲಿ ಡಿಸ್ಕಿನ ಸ್ಮಾರ್ಟ್ ದಾಖಲೆಯನ್ನು, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕವನ್ನು, ನೋಡಿ. ಹಾರ್ಡ್ ಡಿಸ್ಕ್ ಆಗಿದ್ದರೆ, ಬದಲಿ ಜಾಗಕ್ಕೆ ಸರಿಸಲಾದ ಸೆಕ್ಟರುಗಳ ಸಂಖ್ಯೆ ಮತ್ತು ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಸಂಖ್ಯೆ ಎಂಬ ಎರಡು ಸಾಲುಗಳು ಮುಖ್ಯ. ಎರಡನೆಯದು ಸೊನ್ನೆಯಲ್ಲದಿದ್ದರೆ ಬೇರೆ ಎಲ್ಲ ಪ್ರಯೋಗಗಳನ್ನೂ ಅಲ್ಲಿಗೇ ನಿಲ್ಲಿಸಿ.

ಆಗ ಮಾಡಬೇಕಾದ ಒಂದೇ ಕೆಲಸ ಕಡತಗಳನ್ನು ಹೊರಗೆ ಸಾಗಿಸುವುದು. ಹೊಸತಾಗಿ ಉಳಿಸಿದವುಗಳಿಂದ ಆರಂಭಿಸಿ. ಇಂಥ ಡಿಸ್ಕಿನ ಮೇಲೆ ಮೊದಲು ವಿಂಡೋಸಿನ ಡಿಸ್ಕ್ ಪರಿಶೀಲನೆಯ ಸಾಧನವಾದ ಚೆಕ್‌ಡಿಸ್ಕ್ ನಡೆಸಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಕೆಟ್ಟ ಸೆಕ್ಟರುಗಳನ್ನು ಹುಡುಕುವ ಅದರ ಆಯ್ಕೆ ಇಡೀ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತದೆ. ಸಾಯುತ್ತಿರುವ ಡಿಸ್ಕಿಗೆ ಉಳಿದಿರುವ ಶಕ್ತಿ ಅದರಲ್ಲಿಯೇ ಮುಗಿದುಹೋಗಬಹುದು. ಸಾಮಾನ್ಯ ನಕಲು ಮಧ್ಯೆ ಮಧ್ಯೆ ನಿಲ್ಲುತ್ತಿದ್ದರೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಇರುವ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಕೆಡುತ್ತಿರುವ ಡಿಸ್ಕಿನಿಂದ ದತ್ತಾಂಶ ನಕಲಿಸುವ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಬಹುದು. ಅದು ಸುಲಭವಾಗಿ ಓದಲು ಬರುವ ಭಾಗಗಳನ್ನು ಮೊದಲು ಬಾಚಿಕೊಂಡು, ಕಷ್ಟದ ಭಾಗಗಳಿಗೆ ಆಮೇಲೆ ಮರಳುತ್ತದೆ.

ಡಿಸ್ಕ್ ಆರೋಗ್ಯವಾಗಿಯೇ ಇದ್ದರೂ ಅದು ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ, ಅದನ್ನು ತೆಗೆದು, ತಿರುಗುವ ತಟ್ಟೆಯಿಲ್ಲದೆ ಚಿಪ್ಪುಗಳಲ್ಲಿ ದತ್ತಾಂಶ ಇಡುವ ಎಸ್‌ಎಸ್‌ಡಿ ಹಾಕಿಸಿ ಎಂಬುದೇ ನನ್ನ ಸಲಹೆ. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ 11 ಮಿಲಿಸೆಕೆಂಡು ಬೇಕು. ಓದುವ ಮುಳ್ಳು ಅತ್ತಿತ್ತ ಸರಿಯುವ ಕಾಲವನ್ನೂ ಸೇರಿಸಿದರೆ, ಚದುರಿದ ಸಣ್ಣ ಸಣ್ಣ ಓದುಗಳನ್ನು ಅದು ಸೆಕೆಂಡಿಗೆ ನೂರರಷ್ಟೂ ಮಾಡಲಾರದು. ಸಾಧಾರಣ ಎಸ್‌ಎಸ್‌ಡಿ ಅಂಥವನ್ನು ಹತ್ತಾರು ಸಾವಿರ ಮಾಡುತ್ತದೆ. ಇಂದಿನ ಆಪರೇಟಿಂಗ್ ಸಿಸ್ಟಮ್‌ಗಳು ಎಸ್‌ಎಸ್‌ಡಿ ಇದೆಯೆಂದು ನಂಬಿ ಹಿನ್ನೆಲೆಯ ಕೆಲಸಗಳನ್ನು ಹಂಚುತ್ತವೆ. ಈ ಒಂದು ಬದಲಾವಣೆಯಿಂದ ಸಿಗುವ ವೇಗ, ಅಪ್‌ಡೇಟ್ ನಿಲ್ಲಿಸುವುದರಿಂದ ಎಂದೂ ಸಿಗುವುದಿಲ್ಲ.

ಅಪ್‌ಡೇಟ್ ಎಂದೂ ತಪ್ಪು ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷಗಳಿಗೆ ಬಂದ ತಿದ್ದುಪಡಿಗಳು ಹಳೆಯ ಪ್ರೊಸೆಸರುಗಳನ್ನು ನಿಜವಾಗಿಯೂ ನಿಧಾನ ಮಾಡಿದವು, ಅದನ್ನು ಮೈಕ್ರೋಸಾಫ್ಟ್ ಕೂಡ ಒಪ್ಪಿಕೊಂಡಿತು. ಅಪ್‌ಡೇಟಿನ ಜೊತೆ ಬಂದ ಗ್ರಾಫಿಕ್ಸ್ ಡ್ರೈವರ್ ಹೊಂದದೆ ಹೋಗುವುದೂ ಉಂಟು. ಆಗ ಡಿವೈಸ್ ಮ್ಯಾನೇಜರಿನಲ್ಲಿ ಆ ಡ್ರೈವರನ್ನು ಮಾತ್ರ ಹಿಂದಕ್ಕೆ ಮರಳಿಸಿದರೆ ಸಾಕು. 4 ಜಿಬಿ ರ‍್ಯಾಮ್ ಮಾತ್ರ ಇದ್ದರೆ ಅದನ್ನು ಹೆಚ್ಚಿಸಿ.

ಆದರೆ ಶಾಶ್ವತವಾಗಿ ನಿಲ್ಲಿಸುವ ವಿಧಾನವನ್ನು ನಾನು ಗೊತ್ತಿದ್ದೂ ಹೇಳುವುದಿಲ್ಲ. 2017ರ ಮೇ 12ರಂದು ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ಕುತಂತ್ರಾಂಶ ಹರಡಲು ಆರಂಭಿಸಿದಾಗ, ಅದು ಬಳಸಿಕೊಂಡ ರಂಧ್ರವನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್ 14ರಂದೇ ಬಂದಿತ್ತು. ಅದನ್ನು ಹಾಕಿಕೊಳ್ಳದ ಯಂತ್ರಗಳಿಗೆ ವಾನಾಕ್ರೈ ನುಗ್ಗಿತು, ಯಾರೂ ಯಾವ ಲಿಂಕನ್ನೂ ಒತ್ತಬೇಕಾಗಿರಲಿಲ್ಲ. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಕೆಲಸದ ಒತ್ತಡದ ದಿನಗಳಲ್ಲಿ ಅಪ್‌ಡೇಟ್ ಬೇಡವೆನಿಸಿದರೆ ಸೆಟ್ಟಿಂಗ್ಸ್‌ನಲ್ಲಿಯೇ ಅದನ್ನು ಕೆಲವು ವಾರಗಳ ಮಟ್ಟಿಗೆ ತಡೆಹಿಡಿಯಬಹುದು. ನಾನೂ ಈಗ ಪುಸ್ತಕ ಮುದ್ರಣಕ್ಕೆ ಹೋಗುವ ವಾರ ಹಾಗೆ ತಡೆಹಿಡಿದು, ಕೆಲಸ ಮುಗಿದ ದಿನವೇ ಬಿಡುತ್ತೇನೆ. ನಿಮ್ಮದು ವಿಂಡೋಸ್ 10 ಆಗಿದ್ದರೆ, ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನೂ ಗಮನದಲ್ಲಿಡಿ. ಯಂತ್ರ ವಿಂಡೋಸ್ 11ಕ್ಕೆ ಅರ್ಹವಲ್ಲದಿದ್ದರೆ, ಹಗುರವಾದ ಯಾವುದಾದರೂ ಲಿನಕ್ಸ್ ಹಾಕಿಕೊಂಡು ಅದಕ್ಕೆ ಬರುವ ಅಪ್‌ಡೇಟುಗಳನ್ನು ತಪ್ಪದೆ ಪಡೆಯುವುದು, ಅಪ್‌ಡೇಟೇ ಇಲ್ಲದ ಹಳೆಯ ವಿಂಡೋಸಿನಲ್ಲಿ ಇಂಟರ್‌ನೆಟ್ ಬಳಸುವುದಕ್ಕಿಂತ ಎಷ್ಟೋ ಒಳ್ಳೆಯದು.

ನಿಮ್ಮ 10 ದಿನಗಳ ಅವಧಿ ಮುಗಿಯುತ್ತಿದೆ ಎಂಬ ಆತುರ ಬೇಡ. ಇಂದೇ ಕಡತಗಳ ಒಂದು ನಕಲನ್ನು ಹೊರಗಿನ ಡಿಸ್ಕಿಗೆ ತೆಗೆದಿಡಿ, ಆಮೇಲೆ ಪ್ರತಿಕ್ರಿಯೆಯ ಕಾಲ, ಓದುವ ವೇಗ ಮತ್ತು ಸ್ಮಾರ್ಟ್ ದಾಖಲೆಯ ಆ ಎರಡು ಸಾಲುಗಳ ಅಂಕಿಗಳನ್ನು ನಿಮ್ಮ ಪ್ರಶ್ನೆಯ ಕೆಳಗೆ ಸೇರಿಸಿ. ಡಿಸ್ಕಿನಲ್ಲಿ ದೋಷವಿದೆಯೇ ಇಲ್ಲವೇ ಎಂಬುದನ್ನು ಅವುಗಳಿಂದ ಹೇಳಲು ಪ್ರಯತ್ನಿಸುತ್ತೇನೆ.