ಜಾಥಾ ಮುಗಿದ ಮೇಲಿನ ಕಸ

(ಬ್ರಹ್ಮಾವರ ಕಡೆಯ ಶಾಲೆಯೊಂದರ ಶಿಕ್ಷಕಿ ಬರೆದಿದ್ದಾರೆ: “ಪ್ರತಿವರ್ಷ ಜೂನ್ 5ಕ್ಕೆ ಜಾಥಾ, ಭಾಷಣ, ಚಿತ್ರಸ್ಪರ್ಧೆ ಎಲ್ಲ ಮಾಡುತ್ತೇವೆ. ‘ಪ್ಲಾಸ್ಟಿಕ್ ಮಾರಕ’ ಎಂದು ಮಕ್ಕಳು ಗಟ್ಟಿಯಾಗಿ ಒಪ್ಪಿಸುತ್ತಾರೆ. ಸಣ್ಣ ವಿರಾಮ ಮುಗಿಯುವಾಗ ಜಗಲಿ ತುಂಬ ಚಿಪ್ಸ್ ಪ್ಯಾಕೆಟು. ಐದನೆಯ ತರಗತಿಯ ಹುಡುಗನೊಬ್ಬ, ಬಚ್ಚಲೊಲೆಗೆ ತೊಟ್ಟೆ (ಪ್ಲಾಸ್ಟಿಕ್ ಚೀಲ) ಹಾಕಬೇಡಿ ಎಂದು ಅಜ್ಜಿಗೆ ಹೇಳಲು ಹೋಗಿ ಬೈಸಿಕೊಂಡ. ಈ ವರ್ಷದ ಜಾಥಾಕ್ಕೆ ಒಳ್ಳೆಯ ಘೋಷಣೆಯೊಂದನ್ನು ಬರೆದುಕೊಡಿ.”)

ಮೇಡಂ, ಘೋಷಣೆ ಬರೆದುಕೊಡಲಾರೆ. ನಿಮ್ಮ ಮಕ್ಕಳಿಗೆ ಘೋಷಣೆಯ ಬರ ಇಲ್ಲವೆಂದು ನಿಮ್ಮ ಪತ್ರವೇ ಹೇಳುತ್ತದೆ. ಅವರಿಗೆ ಗೊತ್ತಿಲ್ಲದ್ದು ಬೇರೆ: ಬಿಸಾಡಿದ್ದು ಆಮೇಲೆ ಎಲ್ಲಿಗೆ ಹೋಗುತ್ತದೆ, ಯಾವುದಕ್ಕೆ ನಾಲ್ಕು ಕಾಸು ಹುಟ್ಟುತ್ತದೆ, ಯಾವುದನ್ನು ಗುಜರಿಯವನೂ ಮುಟ್ಟುವುದಿಲ್ಲ.

ಒಂದು ವಾರ ಶಾಲೆಯ ಒಣಕಸವನ್ನು ಗೋಣಿಯಲ್ಲಿ ಕೂಡಿಡಿ. ಶನಿವಾರ ಜಗಲಿಯಲ್ಲಿ ಸುರಿದು, ಮಕ್ಕಳಿಂದಲೇ ಬೇರೆ ಮಾಡಿಸಿ. ಚರಂಡಿಯ ಕಸ, ಒಡೆದ ಗಾಜಿನ ಹತ್ತಿರ ಮಾತ್ರ ಬಿಡಬೇಡಿ. ಫೋಟೊ ಆಸೆಗೆ ಮಕ್ಕಳಿಂದ ಬರಿಗೈಯಲ್ಲಿ ಕಸ ಹೆಕ್ಕಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೀರಿನ ಬಾಟ್ಲಿಯದ್ದು ಒಂದು ರಾಶಿ. ಅದರ ಅಡಿಯಲ್ಲಿ ತ್ರಿಕೋನದೊಳಗೆ 1 ಎಂದಿರುತ್ತದೆ. ಅದು ಪೆಟ್ ಎಂಬ ಬಗೆಯ ಪ್ಲಾಸ್ಟಿಕ್, ಗುಜರಿಗೆ ಹೋಗುತ್ತದೆ. ತೊಳೆದು ಒಣಗಿಸಿದ ಹಾಲಿನ ತೊಟ್ಟೆಯೂ ಹೋಗುತ್ತದೆ. ಮೂಲೆ ಕತ್ತರಿಸಿ ಎಸೆದ ಉಗುರಿನಷ್ಟು ಚೂರು ಮಾತ್ರ ಯಾರ ಕೈಗೂ ಸಿಗದೆ ಮಳೆನೀರಿನ ಜತೆ ತೋಡು ಸೇರುತ್ತದೆ. ಮೂಲೆಯನ್ನು ಪೂರ್ತಿ ಕತ್ತರಿಸದೆ ತೊಟ್ಟೆಗೇ ಅಂಟಿಕೊಂಡಿರಲು ಬಿಡುವುದನ್ನು ಒಂದನೆಯ ತರಗತಿಯವರೂ ಕಲಿತಾರು.

ಕೊನೆಗೆ ಉಳಿಯುವುದು ಚಿಪ್ಸ್, ಬಿಸ್ಕತ್ತಿನ ಪ್ಯಾಕೆಟುಗಳು. ಒಂದನ್ನು ಮಗುವಿನ ಕೈಗೆ ಕೊಟ್ಟು ಬಿಡಿಸಿ ನೋಡಲು ಹೇಳಿ. ಹೊರಗೆ ಚಿತ್ರ, ಒಳಗೆ ಬೆಳ್ಳಿ ಬಣ್ಣ, ನಡುವೆ ಕಣ್ಣಿಗೆ ಕಾಣದ ಅಂಟು. ಈ ಪದರಗಳನ್ನು ಬೇರೆ ಮಾಡುವುದು ಕಷ್ಟವಾದ್ದರಿಂದ ಗುಜರಿಯಲ್ಲಿ ಇದಕ್ಕೆ ಬೆಲೆ ಇಲ್ಲ. ಹೆಕ್ಕಿ ಕೊಟ್ಟರೂ ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗುತ್ತದೆ. 2022ರ ಜುಲೈ 1ರಿಂದ ದೇಶವಿಡೀ ನಿಷೇಧವಾದವುಗಳ ಪಟ್ಟಿಯಲ್ಲಿ ಪ್ಲಾಸ್ಟಿಕ್ ಚಮಚ, ಲೋಟ, ಸ್ಟ್ರಾ, ಐಸ್‌ಕ್ರೀಮ್ ಕಡ್ಡಿ, ಬಲೂನಿನ ಕಡ್ಡಿ ಎಲ್ಲ ಇವೆ. ಈ ಪ್ಯಾಕೆಟು ಮಾತ್ರ ಇಲ್ಲ. ಅದನ್ನು ವಾಪಸು ಸಂಗ್ರಹಿಸುವ ಹೊಣೆ ಕಂಪನಿಗಳದ್ದು ಎಂದು ನಿಯಮ ಹೇಳುತ್ತದೆ. ‘ಹಾಗಾದರೆ ಇದು ನಮ್ಮ ಜಗಲಿಯಲ್ಲೇಕೆ ಬಿದ್ದಿದೆ?’ ಎಂದು ಏಳನೆಯ ತರಗತಿಯವರು ಕೇಳಿಯೇ ಕೇಳುತ್ತಾರೆ. ಕೇಳಲಿ.

ಆಮೇಲೆ ಅವರನ್ನು ನಿಮ್ಮ ಪಂಚಾಯತಿನ ಕಸ ವಿಂಗಡಣೆ ಘಟಕಕ್ಕೆ ಕರೆದೊಯ್ಯಿರಿ. ಪ್ರವಾಸ ಕಾರ್ಕಳದ ಕಡೆಗಾದರೆ ನಿಟ್ಟೆಯಲ್ಲಿ ಒಣಕಸ ವಿಂಗಡಿಸಿ ಮರುಬಳಕೆಗೆ ಕಳಿಸುವ ಎಂಆರ್‌ಎಫ್ ಘಟಕವನ್ನೂ ನೋಡಿ ಬನ್ನಿ. ಸುತ್ತಲಿನ ಪಂಚಾಯತುಗಳ ಒಣಕಸ ಅಲ್ಲಿಗೆ ಬರುತ್ತದೆ. ಅಲ್ಲಿ ದುಡಿಯುವ ಹೆಂಗಸರು ಮಕ್ಕಳೊಡನೆ ಹತ್ತು ನಿಮಿಷ ಮಾತಾಡಿದರೆ ಸಾಕು, ನಿಮ್ಮ ಭಾಷಣ ಬೇಡ. ಮಂಗಳೂರಿನ ಕತೆಯನ್ನೂ ಹೇಳಿ: 2019ರ ಆಗಸ್ಟಿನ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರ ಎಂಬಲ್ಲಿನ ಮನೆ, ತೋಟಗಳ ಮೇಲೆ ಬಂತು. ಹಲವು ಕುಟುಂಬಗಳು ಮನೆ ಬಿಟ್ಟು ಹೊರಟವು.

ಇನ್ನು ಅಜ್ಜಿಯ ವಿಷಯ. ಆಷಾಢದ ಮಳೆಯಲ್ಲಿ ಕಟ್ಟಿಗೆ ಒದ್ದೆ, ಹಂಡೆಯ ನೀರು ಕಾಯಬೇಕು, ಒಂದು ತೊಟ್ಟೆ ತುರುಕಿದರೆ ಭಗ್ಗೆಂದು ಹತ್ತುತ್ತದೆ. ಅವರ ಲೆಕ್ಕ ಅವರಿಗೆ ಸರಿಯೇ. ಆದರೆ ಆ ಹೊಗೆ ಬಚ್ಚಲಲ್ಲೇ ಸುತ್ತುತ್ತದೆ. ಪೈಪು ಮಾಡುವ ಪಿವಿಸಿ ಪ್ಲಾಸ್ಟಿಕ್ಕಿನಂಥದ್ದು ಸೇರಿಕೊಂಡರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಬೂದಿ ಹೋಗುವುದು ತೆಂಗಿನ ಬುಡಕ್ಕೆ. ಇದನ್ನು ಅಜ್ಜಿಗೆ ಹೇಳಬೇಕಾದವರು ನೀವು, ಮೊಮ್ಮಗನಲ್ಲ. ಪೋಷಕರ ಸಭೆಗೆ ಅವರನ್ನೇ ಕರೆಯಿರಿ. ಬೇಸಗೆಯಲ್ಲೇ ತೆಂಗಿನ ಒಣ ಮಡಲು, ಗೆರಟೆ ಅಟ್ಟಕ್ಕೆ ಹಾಕಿಡುವ ಕ್ರಮ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಮಕ್ಕಳನ್ನು ಮನೆಯ ಪೊಲೀಸರನ್ನಾಗಿ ಮಾಡಿದರೆ ಏಟು ಬೀಳುವುದು ಮಕ್ಕಳಿಗೇ.

ಅದಕ್ಕಿಂತ ಮೊದಲು ಶಾಲೆಯದ್ದೇ ಖರೀದಿ ನೋಡಿ. ಪರಿಸರ ದಿನಕ್ಕೆ ಫ್ಲೆಕ್ಸು, ಅತಿಥಿಗಳ ಮುಂದೆ ಸಾಲಾಗಿ ಅರ್ಧ ಲೀಟರಿನ ಬಾಟ್ಲಿ, ಪ್ಲಾಸ್ಟಿಕ್ ಸುತ್ತಿದ ಹೂಗುಚ್ಛ! ಬಿಸಿಯೂಟದ ಸ್ಟೀಲ್ ಲೋಟ ಅತಿಥಿಗಳಿಗೆ ಯಾಕಾಗದು? ಪೇಪರ್ ಲೋಟ ತಂದು ಬೀಗಬೇಡಿ, ಅದರ ಒಳಮೈಗೂ ತೆಳು ಪ್ಲಾಸ್ಟಿಕ್ ಲೇಪವಿದೆ. ವಾರ್ಷಿಕೋತ್ಸವದ ಊಟಕ್ಕೆ ಅಡಿಕೆ ಹಾಳೆಯ ತಟ್ಟೆ ಊರಲ್ಲೇ ಸಿಗುತ್ತದೆ. ಪುಸ್ತಕದ ಬೈಂಡಿನ ಪ್ಲಾಸ್ಟಿಕ್ಕಿಗೆ ಮಾತ್ರ ನನ್ನ ತಕರಾರಿಲ್ಲ. ನಮ್ಮ ಮಳೆಗೆ ಅದು ಬೇಕು, ವರ್ಷವಿಡೀ ಬಾಳುತ್ತದೆ. ಮರುವರ್ಷ ತಮ್ಮನ ಪುಸ್ತಕಕ್ಕೂ ಆದೀತು.

ಶನಿವಾರದ ಲೆಕ್ಕವನ್ನು ಮಕ್ಕಳ ಕೈಬರಹದಲ್ಲೇ ನಮಗೆ ಕಳಿಸಿ: ಯಾವ ಕಂಪನಿಯ ಪ್ಯಾಕೆಟು ಎಷ್ಟು ಎಂಬುದೂ ಇರಲಿ. ಜಾಥಾದ ಫೋಟೊ ಬೇಡ, ಆ ಪಟ್ಟಿಗೆ ಒಂದು ಪುಟ ಕೊಡುತ್ತೇವೆ.

– ಸಂಪಾದಕ